ಮರದ ಅರಮನೆ, ಕಲ್ಲಿನ ಗುಡಿ

ತಾಳಗುಂದದ ಪ್ರಣವೇಶ್ವರ ಗುಡಿಯ ಮುಂದೆ ಒಂದು ಕಲ್ಲುಕಂಬ ನಿಂತಿದೆ. ಕುಬ್ಜನೆಂಬ ಕವಿ ಸಂಸ್ಕೃತದಲ್ಲಿ ಕಾವ್ಯ ಕಟ್ಟಿ, ತಾನೇ ಕಲ್ಲಿನ ಮೇಲೆ ಬರೆದ ಶಾಸನ ಅದು. ಕದಂಬ ಶಾಂತಿವರ್ಮನ ಕಾಲದ್ದು, ಅಂದರೆ 5ನೇ ಶತಮಾನದ್ದು. ವಿದ್ವಾಂಸರು ಕದಂಬರ ವಂಶಾವಳಿಗಾಗಿ ಅದನ್ನು ಓದುತ್ತಾರೆ. ನಾನು ಓದುವುದು ಊರು ಬಿಟ್ಟು ಹೊರಟ ಒಬ್ಬ ವಿದ್ಯಾರ್ಥಿಯ ಕಥೆಗಾಗಿ. ಮಯೂರಶರ್ಮನೆಂಬ ಇಲ್ಲಿನ ಹುಡುಗ ಗುರು ವೀರಶರ್ಮನ ಜೊತೆ ಪಲ್ಲವರ ರಾಜಧಾನಿ ಕಂಚಿಗೆ ಹೋಗುತ್ತಾನೆ. ಅಲ್ಲಿನ ಘಟಿಕೆಯಲ್ಲಿ ಓದು ಪೂರೈಸುವ ಆಸೆ. ಆದರೆ ಪಲ್ಲವರ ಕುದುರೆ ಸವಾರರೊಂದಿಗೆ ಜಗಳವಾಗುತ್ತದೆ. ಅವಮಾನ ಉಂಡ ಹುಡುಗ ಓದು ಬಿಟ್ಟು ಕತ್ತಿ ಹಿಡಿಯುತ್ತಾನೆ. ಶ್ರೀಪರ್ವತದವರೆಗಿನ ಕಾಡು ಹಿಡಿಯುತ್ತಾನೆ, ಬೃಹದ್ಬಾಣರಿಂದ ಕಪ್ಪ ಪಡೆಯುತ್ತಾನೆ. ಕೊನೆಗೆ ಪಲ್ಲವರೇ ಅವನನ್ನು ಒಪ್ಪಿ ಪಡುವಣ ಕಡಲಿನಿಂದ ಈಚೆಯ ನಾಡನ್ನು ಅವನಿಗೆ ಬಿಟ್ಟುಕೊಡುತ್ತಾರೆ. ಹೀಗೆ ಬನವಾಸಿಯ ರಾಜ್ಯ ಹುಟ್ಟಿತು.

ಕಂಚಿಯ ಅರಮನೆಯ ವರ್ಣನೆ ಆ ಕಥೆಯಲ್ಲಿ ಬರುವುದಿಲ್ಲ. ರಾಜಧಾನಿಗೆ ಹೋದ ಹುಡುಗನ ಕಣ್ಣಿಗೆ ಬಿದ್ದದ್ದು ಚಿನ್ನ, ಕಂಬ, ಕಮಾನುಗಳಲ್ಲ. ಅರಸೊತ್ತಿಗೆ ತನ್ನಂಥವರನ್ನು ಹೇಗೆ ನಡೆಸಿಕೊಳ್ಳುತ್ತದೆ ಎಂಬುದು.

ಈ ಕಂಬದಿಂದ ಒಂದು ತಾಸಿನ ದಾರಿಯಲ್ಲಿ, ಸೊರಬ ತಾಲ್ಲೂಕಿನ ಆನವಟ್ಟಿ ಕಡೆಯ ಹಳ್ಳಿಯಲ್ಲಿ ಬೆಳೆದ ನಾನು ಒಂಬತ್ತನೇ ಇಯತ್ತೆಯಲ್ಲಿ ಮೈಸೂರು ಅರಮನೆ ನೋಡಿ ಬಂದೆ. ಕಂಬವನ್ನು ನೋಡಿದ್ದು ಅದಾಗಿ ಹತ್ತು ವರ್ಷಕ್ಕೆ. ನಮ್ಮ ಕಡೆಯ ಬಹುಪಾಲು ಮಕ್ಕಳದ್ದು ಇಂದಿಗೂ ಇದೇ ಕ್ರಮ. ಡಿಸೆಂಬರಿನ ಪ್ರವಾಸವೆಂದರೆ ರಾತ್ರಿ ಊಟ ಮುಗಿಸಿ ಬಸ್ಸು ಹತ್ತುವುದು, ಶಿಕಾರಿಪುರ ದಾಟುವಷ್ಟರಲ್ಲಿ ಹಾಡಿ ಹಾಡಿ ಗಂಟಲು ಕಟ್ಟುವುದು, ಮುನ್ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿಯ ಕೊನೆಗೆ ಬೆಳಗಿನ ಚಳಿಯಲ್ಲಿ ಚಾಮುಂಡಿಬೆಟ್ಟ, ಆಮೇಲೆ ಮೃಗಾಲಯ, ಆಮೇಲೆ ಅರಮನೆ. ಅರಮನೆಗೆ ಸಿಗುವುದು ಹೆಚ್ಚೆಂದರೆ ಒಂದೂವರೆ ಗಂಟೆ. ಸಂಜೆ ಬೃಂದಾವನಕ್ಕೆ ತಡವಾಗುತ್ತದೆಂದು ಒಬ್ಬ ಮೇಷ್ಟ್ರು ಮುಂದಿನಿಂದ ಕರೆಯುತ್ತಿರುತ್ತಾರೆ, ಇನ್ನೊಬ್ಬರು ಹಿಂದಿನಿಂದ ತಲೆ ಎಣಿಸುತ್ತಿರುತ್ತಾರೆ.

ಅವತ್ತು ನನ್ನ ಪಾಲಿಗೆ ಅರಮನೆಯೆಂದರೆ ಬರಿಗಾಲಿಗೆ ತಾಗಿದ ನೆಲದ ತಣುಪು, ತಲೆ ಎತ್ತಿದರೆ ಬಣ್ಣದ ಗಾಜು, 750 ಕಿಲೋ ತೂಕದ ಅಂಬಾರಿ. ಕಣ್ಣು ತುಂಬಿತ್ತು, ತಲೆ ಖಾಲಿಯಿತ್ತು. ಇದು ಮೈಸೂರಿನವರದ್ದು, ನಾವು ನೋಡಲು ಬಂದವರು ಎಂಬ ಭಾವನೆಯನ್ನೇ ಹೊತ್ತು ಊರಿಗೆ ಮರಳಿದೆ. ಆ ಭಾವನೆ ಎಷ್ಟು ತಪ್ಪೆಂದು ತಿಳಿಯಲು ನನಗೆ ವರ್ಷಗಳು ಹಿಡಿದವು. ಈಗಿನ ಮಕ್ಕಳಿಗೆ ಅಷ್ಟು ಕಾಲ ಹಿಡಿಯಬಾರದೆಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ಅರಮನೆಯ ವಿಷಯ. ನಾವು ನೋಡುವ ಅಂಬಾವಿಲಾಸ ಅರಮನೆ ಹಳೆಯದೇನಲ್ಲ. ನನ್ನ ಮುತ್ತಜ್ಜನ ವಯಸ್ಸಿನದು. ಅದಕ್ಕೆ ಮುಂಚೆ ಅದೇ ಜಾಗದಲ್ಲಿ ಇದ್ದದ್ದು ಮರದ ಅರಮನೆ. ಟಿಪ್ಪುವಿನ ನಂತರ, ಮುಮ್ಮಡಿ ಕೃಷ್ಣರಾಜ ಒಡೆಯರು ಇನ್ನೂ ಬಾಲಕರಾಗಿದ್ದಾಗ, 19ನೇ ಶತಮಾನದ ಆರಂಭದಲ್ಲಿ ಕಟ್ಟಿದ್ದು. 1897ರ ಫೆಬ್ರವರಿಯಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಂಭ್ರಮದ ನಡುವೆ ಅದಕ್ಕೆ ಬೆಂಕಿ ಬಿತ್ತು. ಮಹಾರಾಜ ಚಾಮರಾಜೇಂದ್ರ ಒಡೆಯರು ತೀರಿಕೊಂಡು ಮೂರು ವರ್ಷವೂ ಆಗಿರಲಿಲ್ಲ. ಮಗ ಚಿಕ್ಕವರು. ರಾಜ್ಯಭಾರ ರಾಣಿ ಕೆಂಪನಂಜಮ್ಮಣ್ಣಿ ವಾಣೀವಿಲಾಸ ಸನ್ನಿಧಾನದವರ ಕೈಯಲ್ಲಿತ್ತು. ಅವರು ಅದೇ ವರ್ಷ ಹೊಸ ಅರಮನೆಯ ಕೆಲಸ ಆರಂಭಿಸಿದರು. ಸಿಮ್ಲಾದ ವೈಸ್‌ರಾಯ್ ಭವನ ಕಟ್ಟಿದ ಹೆನ್ರಿ ಇರ್ವಿನ್ ಅವರನ್ನು ಕರೆಸಿದರು. ಹದಿನೈದು ವರ್ಷ ಕೆಲಸ ನಡೆದು 1912ರಲ್ಲಿ ಮುಗಿಯಿತು. ಖರ್ಚು 41,47,913 ರೂಪಾಯಿ. ಕೊನೆಯ ಮೂರು ರೂಪಾಯಿಯನ್ನೂ ಬಿಡದೆ ಬರೆದಿಟ್ಟ ಆ ಲೆಕ್ಕ ನನಗೆ ಇಷ್ಟ.

ಬೆಂಕಿ ಕಲಿಸಿದ ಪಾಠ ಆ ಕಟ್ಟಡದ ಮೈಯಲ್ಲೆಲ್ಲ ಇದೆ. ಹಳೆಯ ಅರಮನೆಯ ವಿನ್ಯಾಸವನ್ನೇ ಹೆಚ್ಚುಕಡಿಮೆ ಇಟ್ಟುಕೊಂಡರು: ನಡುವೆ ತೊಟ್ಟಿ, ಸುತ್ತ ಪಡಸಾಲೆ, ಮುಂದೆ ದರ್ಬಾರು. ಆದರೆ ಮರ ಇದ್ದಲ್ಲಿ ಕಲ್ಲು, ಇಟ್ಟಿಗೆ, ಕಬ್ಬಿಣ ಬಂದವು. ಕಲ್ಯಾಣ ಮಂಟಪದಲ್ಲಿ ನವಿಲಿನ ಚಿತ್ತಾರದ ಗಾಜಿನ ಸೂರನ್ನು ಹೊತ್ತ ಕಂಬಗಳು ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ ಬಂದ ಎರಕದ ಕಬ್ಬಿಣದವು. ಬಣ್ಣ ಬಳಿದು ಕುಸುರಿ ಮಾಡಿರುವುದರಿಂದ ಕಬ್ಬಿಣವೆಂದು ಗೊತ್ತೇ ಆಗುವುದಿಲ್ಲ. ಪ್ರವಾಸಕ್ಕೆ ಬಂದ ಮಕ್ಕಳಿಗೆ ನಾನು ಮೊದಲು ತೋರಿಸಬೇಕೆನ್ನುವುದು ಇದನ್ನೇ. ಮೈಸೂರು ಅರಮನೆ ಇಂದಿಗೂ ನಿಂತಿರುವುದು ಅದು ಒಮ್ಮೆ ಸುಟ್ಟುಹೋದದ್ದರಿಂದ. 1897ರಲ್ಲಿ ಬೆಂಕಿ ಬೀಳದಿದ್ದರೆ ನಾವು ನೋಡುತ್ತಿದ್ದದ್ದು ಗೆದ್ದಲು ಹಿಡಿದ ಮುಂಡಿಗೆಗಳನ್ನು, ಅಥವಾ ಅದೂ ಇಲ್ಲದ ಬಯಲನ್ನು.

ಹಾಗೆ ಬಯಲಾಗಿರುವ ಜಾಗಗಳು ಸೊರಬ, ಶಿಕಾರಿಪುರ ಎಂಬ ನಮ್ಮ ಎರಡು ತಾಲ್ಲೂಕುಗಳಲ್ಲಿ ಎಷ್ಟಿವೆ!

ಶಿಕಾರಿಪುರದಿಂದ ಇಪ್ಪತ್ತು ಕಿಲೋಮೀಟರಿನ ಬಳ್ಳಿಗಾವೆಯನ್ನೇ ತೆಗೆದುಕೊಳ್ಳಿ. ಬನವಾಸಿ ಹನ್ನೆರಡು ಸಾವಿರ ನಾಡಿನ ರಾಜಧಾನಿ ಅದು. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಮಹಾಮಂಡಲೇಶ್ವರರು, ದಂಡನಾಯಕರು ಅಲ್ಲಿ ಕೂತು ಆಳಿದರು. ಐದು ಮಠ, ಏಳು ಬ್ರಹ್ಮಪುರಿ, ಬಸದಿ, ಬೌದ್ಧ ವಿಹಾರ ಎಲ್ಲವೂ ಇದ್ದ ಊರು. ಅಲ್ಲಮಪ್ರಭು ಹುಟ್ಟಿದ ಊರು. ಇಷ್ಟೆಲ್ಲ ಇದ್ದಲ್ಲಿ ಆಳುವವರಿಗೆ ಮನೆ ಇರಲೇಬೇಕಲ್ಲ? ಇವತ್ತು ಹೋಗಿ ಹುಡುಕಿದರೆ ಕೇದಾರೇಶ್ವರ ಸಿಗುತ್ತಾನೆ, ತ್ರಿಪುರಾಂತಕ ಸಿಗುತ್ತಾನೆ, ಹೊಲದ ಬದುವಿನಲ್ಲಿ ಶಾಸನದ ಕಲ್ಲು ಸಿಗುತ್ತದೆ. ಅರಮನೆಯ ಒಂದು ಗೋಡೆಯೂ ಎದ್ದು ನಿಂತಿಲ್ಲ. ಬಂದಳಿಕೆಗೆ ಹೋಗಿ. 10ನೇ ಶತಮಾನದ ಆರಂಭದಲ್ಲಿ, ರಾಷ್ಟ್ರಕೂಟರ ಕಾಲದಲ್ಲಿ, ಗಂಡ ತೀರಿಕೊಂಡ ಮೇಲೆ ನಾಗರಖಂಡ ಎಪ್ಪತ್ತರ ಆಡಳಿತ ಹೊತ್ತ ಜಕ್ಕಿಯಬ್ಬೆ ಕೊನೆಗೆ ಸಲ್ಲೇಖನ ವ್ರತ ಹಿಡಿದು ದೇಹ ಬಿಟ್ಟದ್ದು ಅಲ್ಲಿ. ಬಸದಿ ಉಳಿದಿದೆ, ಗುಡಿಗಳು ಉಳಿದಿವೆ, ಶಾಸನ ಅವಳ ಹೆಸರು ಉಳಿಸಿದೆ. ಅವಳು ಕೂತು ನ್ಯಾಯ ಹೇಳಿದ ಚಾವಡಿ ಉಳಿದಿಲ್ಲ. ಸೊರಬದ ಚಂದ್ರಗುತ್ತಿ ಬೆಟ್ಟ ಹತ್ತಿದರೆ ಕೋಟೆಯ ಗೋಡೆಯಿದೆ, ನೀರಿನ ಹೊಂಡವಿದೆ, ಕೆಳಗೆ ಗುಹೆಯಲ್ಲಿ ರೇಣುಕಾಂಬೆ ಇದ್ದಾಳೆ. ಅರಸನ ಮನೆ ಮಾತ್ರ ಕಾಣುವುದಿಲ್ಲ. ಕುಬಟೂರನ್ನು ಚಂದ್ರಹಾಸನ ಕುಂತಳನಗರವೆಂದು ನಮ್ಮ ಕಡೆಯವರು ನಂಬುತ್ತಾರೆ. ಅಲ್ಲೂ ಇರುವುದು ಕೈಟಭೇಶ್ವರನ ಚೆಲುವಾದ ಗುಡಿ, ಮತ್ತೆ ಹೊಲ.

ಕಾರಣ ಸರಳ. ನಮ್ಮವರು ದೇವರಿಗೆ ಕಲ್ಲಿನಲ್ಲಿ ಕಟ್ಟಿದರು, ತಮಗೆ ಮರದಲ್ಲಿ ಮಣ್ಣಿನಲ್ಲಿ ಕಟ್ಟಿಕೊಂಡರು. ಅರಸನೂ ಈ ಕ್ರಮಕ್ಕೆ ಹೊರತಾಗಿರಲಿಲ್ಲ. ವಿಜಯನಗರದಂಥ ವಿಜಯನಗರದಲ್ಲೇ ಹಾಗೆ. ಹಂಪಿಯ ರಾಜರ ಆವರಣದಲ್ಲಿ ಇವತ್ತು ಕಾಣುವುದು ಅರಮನೆಗಳ ಕಲ್ಲಿನ ಜಗತಿಗಳು ಮಾತ್ರ. ಅವುಗಳ ಮೇಲೆ ನಿಂತಿದ್ದ ಮರದ ಅಂತಸ್ತುಗಳು 1565ರ ಸೋಲಿನ ನಂತರ ಬೂದಿಯಾದವು. ವಿರೂಪಾಕ್ಷ ನಿಂತಿದ್ದಾನೆ, ವಿಠಲನ ಗುಡಿ ನಿಂತಿದೆ, ಕೃಷ್ಣದೇವರಾಯನ ಮನೆ ಇಲ್ಲ. ಮಲೆನಾಡಿನಲ್ಲಿ ಇದು ಇನ್ನೂ ಸಹಜ. ಸಾಗವಾನಿ, ಬೀಟೆ, ಹೊನ್ನೆ, ಮತ್ತಿ ಮನೆಯ ಹಿಂದೆಯೇ ಬೆಳೆಯುವಾಗ ಅರಸ ಮರದ ಕಂಬ ಬಿಟ್ಟು ಬೇರೇನು ನೆಡುತ್ತಾನೆ? ನಮ್ಮಲ್ಲಿ ಹಳೆಯ ಮನೆ ಕೆಡವಿದರೆ ಅದರ ತೊಲೆ, ಬೋದಿಗೆ, ಬಾಗಿಲುವಾಡ ಇನ್ನೊಂದು ಮನೆ ಸೇರುತ್ತದೆ, ಮಣ್ಣಿನ ಗೋಡೆ ಎರಡು ಮಳೆಗಾಲಕ್ಕೆ ಕರಗಿ ಗದ್ದೆ ಸೇರುತ್ತದೆ. ಅರಮನೆಗೂ ಅದೇ ಗತಿ. ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗದ ಮೇಲೆ ಕೆಳದಿ ನಾಯಕರ ಅರಮನೆಯ ತಳಪಾಯ ಕಾಣುತ್ತದೆ. ಕೋಣೆಯಿಂದ ಕೋಣೆಗೆ ಕಲ್ಲಿನ ಗೆರೆ ದಾಟಿ ಓಡಾಡಬಹುದು. ತಲೆಯ ಮೇಲೆ ಮಾತ್ರ ಆಕಾಶ. ಶಿವಮೊಗ್ಗದಲ್ಲಿ ತುಂಗೆಯ ದಡದ ಮರದ ಅರಮನೆ ಉಳಿದಿದೆ. ಅದಕ್ಕೆ ಶಿವಪ್ಪನಾಯಕನ ಹೆಸರಿದ್ದರೂ ಈಗಿನ ಕಟ್ಟಡ ಹೈದರನ ಕಾಲದ್ದೆಂದು ಹೇಳುತ್ತಾರೆ. ಮೈಸೂರಿಗೆ ಹೋಗುವ ಬಸ್ಸು ನಡುರಾತ್ರಿ ಅದೇ ಊರನ್ನು ಹಾದುಹೋಗುತ್ತದೆ. ಮಕ್ಕಳು ಆ ಹೊತ್ತಿಗೆ ಮಲಗಿರುತ್ತಾರೆ. ಮರದ ಅರಮನೆ ಹೇಗಿತ್ತೆಂದು ತಿಳಿಯಲು ಅದಕ್ಕಿಂತ ಹತ್ತಿರದ ಪಾಠಶಾಲೆ ನಮಗಿಲ್ಲ. ಬೃಹತ್ತಾದ ಕಂಬಗಳ ಆ ದರ್ಬಾರು ಅಂಗಳ ನೋಡಿಕೊಂಡು ಮೈಸೂರಿಗೆ ಹೋದವರಿಗೆ, ಅಲ್ಲಿನ ಕಬ್ಬಿಣದ ಕಂಬ ಯಾಕೆ ಆ ಆಕಾರದಲ್ಲಿದೆ ಎಂದು ಯಾರೂ ಹೇಳಿಕೊಡಬೇಕಿಲ್ಲ.

ಕೆಳದಿ ನಾಯಕರ ಇಕ್ಕೇರಿಯ ಅರಮನೆಯನ್ನು ಜೀವಂತವಾಗಿ ಕಂಡ ಪರದೇಶಿ ಪ್ರವಾಸಿಯೊಬ್ಬನಿದ್ದ. ಇಟಲಿಯ ಪಿಯೆತ್ರೊ ದೆಲ್ಲಾ ವಾಲೆ. 1623ರಲ್ಲಿ ಪೋರ್ಚುಗೀಸ್ ರಾಯಭಾರಿಯ ಜೊತೆ ಘಟ್ಟ ಹತ್ತಿ ವೆಂಕಟಪ್ಪನಾಯಕನ ಆಸ್ಥಾನಕ್ಕೆ ಬಂದ. ಅವನ ಪತ್ರಗಳಲ್ಲಿ ಆಸ್ಥಾನ, ರಾಜಬೀದಿ, ಮೆರವಣಿಗೆ ಎಲ್ಲ ಇವೆ. ಆದರೆ ನನ್ನ ಮನಸ್ಸಿನಲ್ಲಿ ಉಳಿದಿರುವುದು ಅವನು ಅರಮನೆಗೆ ಬರುವ ದಾರಿಯಲ್ಲಿ ಕಂಡದ್ದು. ಘಟ್ಟದ ಒಂದು ಗುಡಿಯ ಜಗುಲಿಯ ಮೇಲೆ ನಾಲ್ಕು ಹುಡುಗರು ಲೆಕ್ಕ ಕಲಿಯುತ್ತಿದ್ದರು. ನೆಲದ ಮೇಲೆ ನುಣ್ಣನೆಯ ಮರಳು ಹರಡಿಕೊಂಡು, ಒಬ್ಬ ಪಾಠವನ್ನು ರಾಗವಾಗಿ ಹೇಳುತ್ತ ಬೆರಳಿನಿಂದ ಬರೆಯುತ್ತಿದ್ದ, ಉಳಿದವರು ಅದನ್ನೇ ಹಾಡಿ ಬರೆಯುತ್ತಿದ್ದರು. ಮರಳು ತುಂಬಿದಾಗ ಅಳಿಸಿ, ಹೊಸದಾಗಿ ಚೆಲ್ಲಿ ಮತ್ತೆ ಆರಂಭ. ಹತ್ತಿರ ಗುರುವಿರಲಿಲ್ಲ. ಮರೆತರೆ ತಿದ್ದುವವರು ಯಾರು ಎಂದು ಅವನು ಕೇಳಿದ್ದಕ್ಕೆ, ನಾಲ್ವರಿಗೂ ಒಟ್ಟಿಗೇ ಮರೆತುಹೋಗುವುದು ಸಾಧ್ಯವಿಲ್ಲ ಎಂಬ ಅರ್ಥದ ಉತ್ತರ ಕೊಟ್ಟರಂತೆ. ಅರಮನೆ ನೋಡಲು ಹೊರಟ ಪ್ರವಾಸಿ ಆ ಜಗುಲಿಯ ಎದುರು ನಿಂತು ನೋಡಿದ, ಬರೆದಿಟ್ಟ. ನಾಯಕನ ಅರಮನೆ ಹೋಯಿತು. ಮರಳ ಮೇಲೆ ಬರೆದದ್ದು ಅವನ ಪತ್ರದಲ್ಲಿ ನಾನೂರು ವರ್ಷದಿಂದ ಉಳಿದಿದೆ.

ಕಲ್ಲಿಗೆ ಯೋಗ್ಯವೆಂದು ನಮ್ಮ ಹಿರಿಯರು ಏನನ್ನು ಎಣಿಸಿದರು ಎಂದು ನೋಡಬೇಕಾದರೆ ಬಳ್ಳಿಗಾವೆಗೇ ಮರಳಬೇಕು. ಕೇದಾರೇಶ್ವರಕ್ಕೆ ಸೇರಿದ ಕೋಡಿಯ ಮಠವನ್ನು ಕುರಿತ 1162ರ ಶಾಸನವೊಂದಿದೆ. ಮಠವೆಂದರೆ ಏನೆಂದು ಅದು ಎಣಿಸುತ್ತ ಹೋಗುತ್ತದೆ: ನಾಲ್ಕು ವೇದಗಳನ್ನು ಅಂಗಸಮೇತ ಓದುವ ಜಾಗ, ಕೌಮಾರ, ಪಾಣಿನೀಯ, ಶಾಕಟಾಯನ ಮುಂತಾದ ವ್ಯಾಕರಣಗಳನ್ನು ವ್ಯಾಖ್ಯಾನಿಸುವ ಜಾಗ, ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಬೌದ್ಧ ಮೊದಲಾದ ದರ್ಶನಗಳನ್ನು ವಿವರಿಸುವ ಜಾಗ, ಹದಿನೆಂಟು ಪುರಾಣ, ಧರ್ಮಶಾಸ್ತ್ರ, ಕಾವ್ಯ, ನಾಟಕಗಳ ಜಾಗ. ಅಲ್ಲಿಗೇ ನಿಲ್ಲುವುದಿಲ್ಲ. ದೀನರಿಗೆ, ಅನಾಥರಿಗೆ, ಕುಂಟ ಕುರುಡರಿಗೆ, ಹಾಡುವವರಿಗೆ, ಕುಣಿಯುವವರಿಗೆ, ಭಿಕ್ಷುಗಳಿಗೆ ಊಟ ಹಾಕುವ ಜಾಗ, ರೋಗಿಗಳಿಗೆ ಮದ್ದು ಕೊಡುವ ಜಾಗ, ಹೆದರಿ ಬಂದವರಿಗೆ ಅಭಯ ಕೊಡುವ ಜಾಗ. ಕಾಳಾಮುಖ ಗುರುಗಳು ನಡೆಸಿದ ಆ ಮಠಕ್ಕೆ ರಾಜರು ಊರು, ಭೂಮಿ ಬಿಟ್ಟರು. ಕೇದಾರಶಕ್ತಿ, ಸೋಮೇಶ್ವರ ಪಂಡಿತ, ವಾಮಶಕ್ತಿ ಎಂಬ ಗುರುಗಳ ಹೆಸರುಗಳು ನಮಗೆ ಗೊತ್ತಿವೆ. ಮಠದ ಕಟ್ಟಡವೂ ಅರಮನೆಯ ಹಾಗೆ ಹೋಗಿದೆ. ಆದರೆ ಯಾವ ರಾಜನೂ ತನ್ನ ಮನೆಯಲ್ಲಿ ಎಷ್ಟು ಕೋಣೆ, ಎಷ್ಟು ಬಾಗಿಲು ಎಂದು ಹೀಗೆ ಕಲ್ಲಿನಲ್ಲಿ ಬರೆಸಲಿಲ್ಲ. ವಿದ್ಯಾರ್ಥಿ ಏನು ಓದಬೇಕು, ಹಸಿದವನಿಗೆ ಎಲ್ಲಿ ಊಟ ಎಂಬುದು ಬರೆದಿಡಲು ಯೋಗ್ಯವಾಯಿತು. ಕೇದಾರೇಶ್ವರದ ಹುಲ್ಲುಹಾಸಿನ ಮೇಲೆ ಕೂತು ಈ ಶಾಸನದ ಸಾರವನ್ನು ಯಾರಾದರೂ ಮಕ್ಕಳಿಗೆ ಓದಿ ಹೇಳಿದರೆ, ಒಂಬತ್ತು ನೂರು ವರ್ಷಗಳ ಹಿಂದಿನ ತಮ್ಮ ಊರಿನ ಪಠ್ಯಕ್ರಮ ಕೇಳಿ ಅವರ ಬೆನ್ನು ನೆಟ್ಟಗಾಗುತ್ತದೆ. ನಾನು ನೋಡಿದ್ದೇನೆ.

ಬಳ್ಳಿಗಾವೆಯಲ್ಲಿ ಇನ್ನೊಂದು ಕಂಬವಿದೆ. ಎತ್ತರ ಸುಮಾರು ಮೂವತ್ತು ಅಡಿ. ತುದಿಯಲ್ಲಿ ಮನುಷ್ಯದೇಹಕ್ಕೆ ಎರಡು ಹಕ್ಕಿತಲೆಯ ಗಂಡಭೇರುಂಡ. ಜಗದೇಕಮಲ್ಲೇಶ್ವರ ದೇವರ ಮುಂದೆ 1047ರಲ್ಲಿ ಚಾವುಂಡರಾಯನೆಂಬ ಮಹಾಮಂಡಲೇಶ್ವರ ನಿಲ್ಲಿಸಿದ್ದು. ಈಗ ಮೈಸೂರು ಅರಮನೆಯ ಹೆಬ್ಬಾಗಿಲ ಕಮಾನನ್ನು ನೆನಪಿಸಿಕೊಳ್ಳಿ. ಅಲ್ಲಿ ಒಡೆಯರ ರಾಜಲಾಂಛನವಿದೆ, ನಡುವೆ ಗಂಡಭೇರುಂಡ, ಜೊತೆಗೆ ಎಂದೂ ಅಂಜುವುದಿಲ್ಲ ಎಂಬರ್ಥದ ಸಂಸ್ಕೃತ ಮಾತು. ಆ ಹಕ್ಕಿ ವಿಜಯನಗರದ ನಾಣ್ಯದ ಮೇಲೆ ಕೂತಿತ್ತು, ಕೆಳದಿಯ ಗುಡಿಯ ಸೂರಿನಲ್ಲಿದೆ, ಮೈಸೂರಿನಲ್ಲಿ ಲಾಂಛನವಾಯಿತು, ಈಗ ಕರ್ನಾಟಕ ಸರ್ಕಾರದ ಮುದ್ರೆಯಾಗಿದೆ. ಮಕ್ಕಳ ಪಠ್ಯಪುಸ್ತಕದ ಮೇಲೂ, ಅವರನ್ನು ಮೈಸೂರಿಗೆ ಒಯ್ಯುವ ಸರ್ಕಾರಿ ಬಸ್ಸಿನ ಮೈಮೇಲೂ ಅದೇ. ಮೈಸೂರು ಅರಮನೆಗೆ ಅಡಿಗಲ್ಲು ಬೀಳುವುದಕ್ಕೆ 850 ವರ್ಷ ಮೊದಲೇ ನಮ್ಮ ಸೀಮೆಯಲ್ಲಿ ಅದು ಕಂಬವೇರಿ ಕೂತಿತ್ತು. ಇದನ್ನು ತಿಳಿದ ಹುಡುಗಿ ಆ ಹೆಬ್ಬಾಗಿಲನ್ನು ದಾಟುವ ರೀತಿಯೇ ಬೇರೆ.

ಒಳಗೆ ಹೋದ ಮೇಲೆ ಅಂಬಾವಿಲಾಸದ ಬಾಗಿಲುಗಳ ಮುಂದೆ ನಿಲ್ಲಬೇಕು. ಬೀಟೆಮರದಲ್ಲಿ ದಂತ ಕೂಡಿಸಿದ ಬಾಗಿಲು, ಸಾಗವಾನಿಯ ಕೆತ್ತನೆಯ ಸೂರು. ನೆಲದಲ್ಲಿ ಬಣ್ಣದ ಕಲ್ಲು ಕೂರಿಸಿದ ಹೂಬಳ್ಳಿ. ಬೆಂಕಿಗೆ ಹೆದರಿ ಕಬ್ಬಿಣ ತಂದವರೂ ಬಾಗಿಲಿಗೆ ಬಂದಾಗ ಮರವನ್ನು ಬಿಡಲಾಗಲಿಲ್ಲ. ಮರವನ್ನು ಹೀಗೆ ಪಳಗಿಸುವ ಕೈಗಳಿಗೆ ಹಳೆ ಮೈಸೂರು ರಾಜ್ಯದಲ್ಲೆಲ್ಲ ಹೆಸರಾಗಿದ್ದದ್ದು ಸೊರಬ, ಸಾಗರದ ಗುಡಿಗಾರರು. ಶ್ರೀಗಂಧದ ಪೆಟ್ಟಿಗೆಯ ಮೇಲೆ ಒಂದು ಅಂಗುಲ ಜಾಗ ಬಿಡದೆ ಬಳ್ಳಿ, ಹೂ, ಹಕ್ಕಿ, ದೇವರನ್ನು ಬಿಡಿಸುವ ಕೆಲಸ ಅವರದು. ಹಳೆಯ ಗ್ಯಾಸೆಟಿಯರುಗಳು ಸೊರಬದ ಹೆಸರು ಎತ್ತುವಾಗ ಗಂಧದ ಕೆತ್ತನೆಯ ಮಾತು ತಪ್ಪದೆ ಬರುತ್ತದೆ. ಒಂದು ಪೆಟ್ಟಿಗೆಗೆ ತಿಂಗಳುಗಟ್ಟಲೆ ಕೂರುತ್ತಿದ್ದರು. ಗಂಧದ ಮರವೋ ಟಿಪ್ಪುವಿನ ಕಾಲದಿಂದ ಅರಸರ ಸೊತ್ತು. ಜಮೀನಿನಲ್ಲಿ ಬೆಳೆದ ಮರದ ಮೇಲೆ ರೈತನಿಗೆ ಹಕ್ಕು ಬಂದದ್ದು ತೀರಾ ಇತ್ತೀಚೆಗೆ, 2001ರ ತಿದ್ದುಪಡಿಯ ನಂತರ. ಈಗ ಗುಡಿಗಾರರ ಮನೆಗಳಲ್ಲಿ ಉಳಿ ಹಿಡಿದವರು ಕಡಿಮೆ, ಗಂಧ ಸಿಗುವುದು ಇನ್ನೂ ಕಡಿಮೆ. ಉಳಿದವರು ಶಿವನೆ, ಸಾಗವಾನಿಯಂಥ ಮರದಲ್ಲಿ ಕೆತ್ತುತ್ತಾರೆ. ಸೊರಬದ ಮಕ್ಕಳು ಮೈಸೂರಿನ ಬಾಗಿಲನ್ನು ಬಾಯಿ ತೆರೆದು ನೋಡುತ್ತಾರೆ. ಅದೇ ವಿದ್ಯೆಯನ್ನು ಬಲ್ಲ ಮುದುಕರೊಬ್ಬರು ತಮ್ಮ ಪೇಟೆಯ ಹಿಂದಿನ ಬೀದಿಯಲ್ಲಿ ಇರಬಹುದು ಎಂಬುದನ್ನು ಅವರಿಗೆ ಯಾರೂ ಹೇಳಿರುವುದಿಲ್ಲ. ಇದು ನನಗೆ ನಿಜವಾಗಿಯೂ ನೋವಿನ ವಿಷಯ.

ಇನ್ನು ದುಡ್ಡಿನ ಮಾತು. ಅರಮನೆಯ ಸಿರಿ ಎಲ್ಲಿಂದ ಬಂತು ಎಂದು ಮಕ್ಕಳು ಕೇಳುತ್ತಾರೆ, ಕೇಳಬೇಕು. ರೈತರ ಕಂದಾಯದಿಂದ ಬಂತು. ನಮ್ಮ ಸೀಮೆ ಇದಕ್ಕೆ ಸಾಕ್ಷಿ ಮಾತ್ರವಲ್ಲ, ತಿರುಗಿ ಬಿದ್ದ ಸೀಮೆಯೂ ಹೌದು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಇಷ್ಟು ಹಣ ಎತ್ತಿಕೊಡುತ್ತೇನೆ ಎಂದು ಅಮಲ್ದಾರರಿಂದ ಕರಾರು ಬರೆಸಿಕೊಳ್ಳುವ ಶರ್ತಿನ ಪದ್ಧತಿ ಇತ್ತು. ಕರಾರು ಬರೆದವನು ಹಳ್ಳಿಯನ್ನು ಹಿಂಡಿದ. 1830ರಲ್ಲಿ ನಮ್ಮ ನಗರ ಸೀಮೆಯ ರೈತರು ಕೂಟ ಕಟ್ಟಿ ಎದ್ದರು. ಬೂದಿ ಬಸಪ್ಪನಾಯಕ ಕೆಳದಿಯ ವಾರಸುದಾರ ತಾನೆಂದು ಮುಂದೆ ಬಂದ. ದಂಗೆ ಅಡಗಿಸಲು ಬಂದ ಬ್ರಿಟಿಷರು 1831ರಲ್ಲಿ ಅರಸರ ಕೈಯಿಂದ ಆಡಳಿತವನ್ನೇ ತೆಗೆದುಕೊಂಡರು. ಅದು ಮತ್ತೆ ಒಡೆಯರಿಗೆ ಬಂದದ್ದು 1881ರಲ್ಲಿ. ಮಲೆನಾಡಿನ ರೈತನ ಸಿಟ್ಟಿಗೆ ಅರಮನೆ ಐವತ್ತು ವರ್ಷ ಅಧಿಕಾರ ಕಳೆದುಕೊಂಡಿತು. ದರ್ಬಾರು ಹಾಲಿನಲ್ಲಿ ನಿಂತ ಶಿಕಾರಿಪುರದ ಹುಡುಗನಿಗೆ ಇದು ಗೊತ್ತಿರಬೇಡವೇ?

1942 ಅವನಿಗೆ ಗೊತ್ತಿರುತ್ತದೆ, ಪುಣ್ಯ. ಈಸೂರಿನ ಕಥೆಯನ್ನು ನಮ್ಮ ಕಡೆ ಇನ್ನೂ ಮನೆಗಳಲ್ಲಿ ಹೇಳುತ್ತಾರೆ. ಆ ಸೆಪ್ಟೆಂಬರಿನಲ್ಲಿ ಶಿಕಾರಿಪುರ ತಾಲ್ಲೂಕಿನ ಈ ಹಳ್ಳಿ ತಾನು ಸ್ವತಂತ್ರವೆಂದು ಸಾರಿತು. ವೀರಭದ್ರೇಶ್ವರ ಗುಡಿಯ ಮೇಲೆ ಬಾವುಟ ಏರಿತು. ತಮ್ಮದೇ ಸರ್ಕಾರ ಮಾಡಿಕೊಂಡು ಜಯಣ್ಣನೆಂಬ ಬಾಲಕನನ್ನು ಅಮಲ್ದಾರನನ್ನಾಗಿಯೂ ಮಲ್ಲಪ್ಪನನ್ನು ಸಬ್ ಇನ್ಸ್‌ಪೆಕ್ಟರನನ್ನಾಗಿಯೂ ನೇಮಿಸಿದರು. ನಿಜವಾದ ಅಮಲ್ದಾರರೂ ಪೊಲೀಸರೂ ಬಂದಾಗ ಘರ್ಷಣೆಯಾಯಿತು, ಇಬ್ಬರು ಅಧಿಕಾರಿಗಳು ಸತ್ತರು. ಆಮೇಲೆ ಊರಿಗೆ ಊರೇ ಕಾಡು ಸೇರಿತು, ಮನೆಗಳು ಲೂಟಿಯಾದವು. 1943ರ ಮಾರ್ಚಿನಲ್ಲಿ ಐವರನ್ನು ಗಲ್ಲಿಗೇರಿಸಿದರು: ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ. ಮೈಸೂರು ಮಹಾರಾಜರ ಸರ್ಕಾರವೇ ಅಂದು ಈ ಸೀಮೆಯನ್ನು ಆಳುತ್ತಿತ್ತು. ಅರಮನೆಯಲ್ಲಿ ಜಂಬೂಸವಾರಿಯ ವರ್ಣಚಿತ್ರಗಳ ಸಾಲನ್ನು ನೋಡುತ್ತ ಹೋಗುವಾಗ ನನಗೆ ಪ್ರತಿ ಸಲ ಈ ಐದು ಹೆಸರು ನೆನಪಾಗುತ್ತವೆ. 1930ರ ದಶಕದ ಆ ಮೆರವಣಿಗೆಯನ್ನು ಬಿಡಿಸಿದ ಚಿತ್ರಕಾರರ ಕೈಚಳಕಕ್ಕೆ ತಲೆಬಾಗುತ್ತೇನೆ, ಅದರಲ್ಲಿರುವ ಒಂದೊಂದು ಮುಖವನ್ನೂ ನಿಂತು ನೋಡುತ್ತೇನೆ. ಆ ಮೆರವಣಿಗೆಗೂ ಗಲ್ಲಿಗೂ ನಡುವೆ ಇರುವುದು ಕೆಲವೇ ವರ್ಷ. ಅಣೆಕಟ್ಟು, ವಿಶ್ವವಿದ್ಯಾಲಯ, ವಿದ್ಯುತ್ತು ತಂದ ಅದೇ ರಾಜ್ಯ ಈಸೂರನ್ನೂ ಕಂಡಿತು. ಎರಡನ್ನೂ ಒಟ್ಟಿಗೆ ಹೇಳುವ ಧೈರ್ಯ ದೊಡ್ಡವರಿಗೆ ಇರಬೇಕು. ಮಕ್ಕಳಿಗೆ ಕೇಳುವ ಶಕ್ತಿ ಇದೆ.

ಅರಮನೆಯನ್ನು ಬಿಟ್ಟು ಬಂದವಳ ಊರೂ ನಮ್ಮದೇ. ಉಡುತಡಿ ಶಿಕಾರಿಪುರ ತಾಲ್ಲೂಕಿನಲ್ಲಿದೆ. ಕೌಶಿಕ ರಾಜನ ಅರಮನೆಗೆ ಅಕ್ಕಮಹಾದೇವಿ ಷರತ್ತು ಹಾಕಿ ಹೋದಳೆಂದು ಹರಿಹರನ ರಗಳೆ ಹೇಳುತ್ತದೆ, ಚಾಮರಸ ಬೇರೆ ರೀತಿ ಹೇಳುತ್ತಾನೆ. ಹೇಗೇ ಇರಲಿ, ಅವಳು ಅಲ್ಲಿಂದ ಹೊರಗೆ ನಡೆದಳು. ಇದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ನಮ್ಮ ಹೆಣ್ಣುಮಕ್ಕಳಿಗೆ ಅಕ್ಕನ ಕಥೆ ಬಾಯಲ್ಲೇ ಇದೆ.

ಹೋದ ವರ್ಷ ಮಗಳ ಶಾಲೆಯ ಪ್ರವಾಸಕ್ಕೆ ಪೋಷಕರಲ್ಲಿ ಒಬ್ಬನಾಗಿ ನಾನೂ ಹೋದೆ. ಮೊದಲೇ ಮೇಷ್ಟ್ರುಗಳ ಜೊತೆ ಕೂತು ಎರಡು ಬದಲಾವಣೆ ಕೇಳಿಕೊಂಡಿದ್ದೆ. ಒಂದು, ಅರಮನೆಗೆ ಮೂರು ಗಂಟೆ ಕೊಡಬೇಕು, ಅದಕ್ಕಾಗಿ ಬೇರೇನಾದರೂ ಬಿಟ್ಟರೂ ಸರಿ. ಇನ್ನೊಂದು, ಮರಳುವಾಗ ಶಿರಾಳಕೊಪ್ಪದ ಹತ್ತಿರ ಬಸ್ಸು ಬಳ್ಳಿಗಾವೆಗೆ, ತಾಳಗುಂದಕ್ಕೆ ತಿರುಗಬೇಕು. ಎರಡೂ ದಾರಿಯಲ್ಲೇ ಇವೆ, ಹೆಚ್ಚು ಡೀಸೆಲ್ ಬೇಡ. ಒಪ್ಪಿದರು. ಮಕ್ಕಳಿಗೆ ಪ್ರಶ್ನೆಪತ್ರಿಕೆಯಂಥದ್ದೇನೂ ಕೊಡಲಿಲ್ಲ. ಕಂಬವನ್ನು ಬೆರಳಿನಿಂದ ತಟ್ಟಿ ಶಬ್ದ ಕೇಳಿ, ಅನುಮತಿ ಇದ್ದಲ್ಲಿ ಮಾತ್ರ, ಎಂದೆ. ಗಂಡಭೇರುಂಡ ಎಲ್ಲೆಲ್ಲಿ ಕಾಣುತ್ತದೆ ಎಂದು ಎಣಿಸಿ ಎಂದೆ. ಎರಡನೆಯದು ಆಟವಾಯಿತು. ಕಮಾನಿನ ಮೇಲೆ, ಬಾಗಿಲ ಮೇಲೆ, ಟಿಕೆಟ್ಟಿನ ಮೇಲೆ ಎಂದು ಕೂಗುತ್ತ ಓಡಾಡಿದರು. ಭಾನುವಾರವಾದ್ದರಿಂದ ಸಂಜೆ ಏಳಕ್ಕೆ ದೀಪ ಹತ್ತಿದವು. ಸುಮಾರು ಒಂದು ಲಕ್ಷ ಬಲ್ಬುಗಳು ಒಮ್ಮೆಗೇ ಹೊತ್ತಿ, ಕತ್ತಲಿನಲ್ಲಿ ಇಡೀ ಅರಮನೆ ಚಿನ್ನದ ಗೆರೆಯಲ್ಲಿ ಬರೆದ ಹಾಗೆ ಎದ್ದಿತು. ಮಕ್ಕಳು ಒಂದು ಗಳಿಗೆ ಮಾತೇ ಆಡಲಿಲ್ಲ. ನಾನೂ ಆಡಲಿಲ್ಲ. ಅದು ನಿಜಕ್ಕೂ ಸುಂದರ.

ಬೆಳಗಿನ ಜಾವ ಶಿಕಾರಿಪುರದಲ್ಲಿ ಚಹಾ ಕುಡಿದು ಹೊರಟೆವು. ತಾಳಗುಂದದಲ್ಲಿ ಮಂಜು ಇನ್ನೂ ಕೆರೆಯ ಮೇಲಿತ್ತು. 2013ರ ಉತ್ಖನನದಲ್ಲಿ ಇದೇ ಆವರಣದಲ್ಲಿ ಸಿಕ್ಕ ಸಿಂಹಕಟಾಂಜನದ ಶಾಸನವನ್ನು ಕ್ರಿ.ಶ. 370ರದೆಂದು ಪುರಾತತ್ವ ಇಲಾಖೆ ಗುರುತಿಸಿದೆ, ಹಲ್ಮಿಡಿ ಶಾಸನಕ್ಕಿಂತ ಹಳೆಯ ಕನ್ನಡ ಎಂದಾಗ ನಿದ್ದೆಗಣ್ಣಿನ ಹುಡುಗನೊಬ್ಬ, ಇಲ್ಲೇನಾ ಸಾರ್, ಈ ಊರಲ್ಲೇನಾ ಎಂದು ಎರಡು ಸಲ ಕೇಳಿದ. ಕಂಬದ ಎದುರು ಮಯೂರನ ಕಥೆ ಹೇಳಿದೆ. ಕಂಚಿ ಇಲ್ಲಿಂದ ಎಷ್ಟು ದೂರ, ನಡೆದೇ ಹೋದರಾ, ಎಷ್ಟು ದಿನ ಆಗಿರಬಹುದು ಎಂಬ ಲೆಕ್ಕಾಚಾರ ಅವರಲ್ಲೇ ನಡೆಯಿತು. ಬಸ್ಸಿನಲ್ಲೇ ಕಾಲು ಹಿಡಿದುಕೊಂಡವು ಎಂದು ಒಬ್ಬಳು ಹೇಳಿದಳು.

ಬಳ್ಳಿಗಾವೆ ತಲುಪಿದಾಗ ಬಿಸಿಲು ಏರಿತ್ತು. ಕಂಬ ಕಂಡದ್ದೇ ನಾಲ್ಕೈದು ಮಕ್ಕಳು ಓಡಿದರು. ಮಗಳ ಗೆಳತಿಯೊಬ್ಬಳು ಕತ್ತು ಹಿಂದಕ್ಕೆ ಬಾಗಿಸಿ, ಕೈಯನ್ನು ಹಣೆಗೆ ಅಡ್ಡ ಹಿಡಿದು ತುದಿಯನ್ನು ನೋಡುತ್ತ ನಿಂತಳು. ನಿನ್ನೆಯ ಎಣಿಕೆ ಹದಿನೇಳಕ್ಕೆ ನಿಂತಿತ್ತು.

"ಹದಿನೆಂಟು" ಎಂದಳು. ಆಮೇಲೆ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲ ಸಾರ್, ಇದು ಒಂದನೇದು."